ಕಡೆಯ ಬುರುಜಿನ ಕಪ್ಪು

"ಕೈ ಹಚ್ಚಬ್ಯಾಡ್ರಿ ಮೇಡಮ್ಮೋರ, ಕ್ವಾಟಿ ಬೀಳತೈತಿ!"

ಹೆಡ್ ಕಾನ್‌ಸ್ಟೆಬಲ್ ಮಲೀಕಸಾಬ ಕೂಗಿದ್ದಕ್ಕೆ ಪಿಎಸ್‌ಐ ಶಿವಗಂಗಾ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಮಸ್ಕಿ ಠಾಣೆಯಲ್ಲಿ ಕಳ್ಳರು ಒರಗಿ ಕೂತ ಗೋಡೆಯುಂಟು, ಕುಡುಕರು ಮಲಗಿದ ಬೆಂಚುಂಟು. ಮೇಜಿನ ತುಂಬ ಒಂದು ಕೋಟೆ ಎದ್ದು ನಿಂತದ್ದು ಮಾತ್ರ ಇದೇ ಮೊದಲು.

ಬಂಡೆಗಲ್ಲಿನ ಗುಡ್ಡ, ಗುಡ್ಡದ ಮೇಲೆ ಸುತ್ತು ಗೋಡೆ, ಗೋಡೆಗೆ ಬುರುಜುಗಳು, ನಡುವೆ ಬಿರುಕು ಬಿಟ್ಟ ಅರಮನೆ. ಎಲ್ಲ ಪ್ಲಾಸ್ಟಿಕ್ಕು. ಹೆಬ್ಬೆರಳಷ್ಟು ಎತ್ತರದ ಸೈನಿಕರು ಇದರ ಮೇಲೆ ಯುದ್ಧ ಮಾಡುತ್ತಾರಂತೆ. ಮಾಡಿಸುವವರು ಪುಣೆಯ ದೊಡ್ಡ ದೊಡ್ಡ ಮನುಷ್ಯರು. ದಾಳ ಉರುಳಿಸಿ, ಟೇಪು ಹಿಡಿದು ಅಳೆದು, ಸೈನ್ಯ ಮುಂದಕ್ಕೆ ತಳ್ಳುತ್ತಾರೆ.

"ಗಡ್ಡ ಮೀಸಿ ಬಂದ ಮಂದಿ ಇದರಾಗ ಆಡ್ತಾರಂದ್ರ ನಂಬಾಕ ಆಗವಲ್ದ್ರಿ," ಎಂದ ಮಲೀಕಸಾಬ. ಹಾಗೆಂದ ಮನುಷ್ಯನೇ ಬೆಳಿಗ್ಗೆಯಿಂದ ಚಹಾ ಕೂಡ ಕುಡಿಯದೆ, ಒಂದೊಂದೇ ತುಂಡಿನ ಅಂಕಿ ನೋಡಿ ನೋಡಿ ಕೋಟೆ ಜೋಡಿಸಿದ್ದ. ಅರಮನೆಯ ಬಾಗಿಲು ತೆರೆಯುತ್ತದೆಂದು ಗೊತ್ತಾದಾಗ ಅವನು ಇಡೀ ಠಾಣೆಯನ್ನೇ ಕರೆದು ತೋರಿಸಿದ್ದ.

ನಿನ್ನೆ ಸಂಜೆ ಪುಣೆಗೆ ಹೊರಟಿದ್ದ ಬಸ್ಸಿನಿಂದ ಇಳಿಸಿಕೊಂಡ ಪೆಟ್ಟಿಗೆ ಇದು. ಇದಕ್ಕೆ ಬಣ್ಣ ಬಳಿದ ಮಸ್ಕಿಯ ಹನುಮಂತರಾಯ ಸಿಂಧನೂರಿನ ಪಂಪಾಪತಿಯ ಕಾರ್ಖಾನೆಗೆ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಕಳೆದ ವಾರ ಬಳಗಾನೂರಿನ ಹತ್ತಿರ ಕಾಲುವೆಯಲ್ಲಿ ಸಿಕ್ಕ, ಮುಖದ ಗುರುತು ಉಳಿಯದ ಹೆಣವನ್ನು "ನನ್ನ ಮಗನ" ಎಂದು ಅವನ ತಾಯಿ ತಿಮ್ಮವ್ವ ಒಪ್ಪಿಕೊಂಡು ಮಣ್ಣು ಮಾಡಿಸಿದ್ದಳು.

ಒಪ್ಪದವಳು ಒಬ್ಬಳೇ. ಅವಳು ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹನುಮಂತರಾಯನ ಹೆಂಡತಿ ಜ್ಯೋತಿ. ಪೆಟ್ಟಿಗೆಯನ್ನು ತಡೆಯಿರೆಂದು ಠಾಣೆಗೆ ಬಂದವಳೂ ಅವಳೇ.

ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಕೊರಳಲ್ಲಿ ತಾಳಿ ಹಾಗೇ ಇತ್ತು. ನಾಳೆ ಬೆಳಿಗ್ಗೆ ದಿನದ ಕಾರ್ಯ. ಆಗ ಎರಡನ್ನೂ ತೆಗೆಯಲೇಬೇಕೆಂದು ಮನೆಯ ಹಿರಿಯರು ಹೇಳಿಯಾಗಿತ್ತು. ಹೆಣದ ಎಲುಬಿನ ತುಂಡು ಪರೀಕ್ಷೆಗೆ ಹೋಗಿತ್ತು, ನಿಜ. ಆದರೆ ಅದರ ವರದಿ ಬರುವ ಹೊತ್ತಿಗೆ ಈ ಹುಡುಗಿ ಮುಂಡೆಯಾಗಿ ಎಷ್ಟೋ ಕಾಲವಾಗಿರುತ್ತಿತ್ತು. ಸರ್ಕಾರದ ಕಾಗದ ಬಂದಮೇಲೆ ಯಾರಾದರೂ ಹೋದ ತಾಳಿಯನ್ನು ತಂದುಕೊಡುತ್ತಾರೆಯೇ?

"ಇನ್ನೊಮ್ಮೆ ಹೇಳವಾ," ಎಂದಳು ಶಿವಗಂಗಾ. "ನೀ ನೋಡಿದ್ದು ಯಾವಾಗ?"

"ಶುಕ್ರವಾರ್ರಿ. ಮಣ್ಣು ಮಾಡಿದ ಮರುದಿನ. ಅವ್ರ ಬುತ್ತಿ ಡಬ್ಬಿ ತರಾಕ ಸಿಂಧನೂರಿಗೆ ಹೋಗಿದ್ನಿ. ಕ್ವಾಟಿ ಎಲ್ಲಾ ಮುಗದಿತ್ತು. ಈ ಕಡೀ ಬುರುಜು ಒಂದ ಬೋಳ ಇತ್ತು. ಬಣ್ಣಿಲ್ಲ ಏನಿಲ್ಲ, ಬೂದಿ ಬೂದಿ ಪ್ಲಾಸ್ಟಿಕ್ಕು."

"ಪಂಪಾಪತಿ ಅದನ್ನ ಶನಿವಾರ ತಾನ ಮುಗಿಸೀನಿ ಅಂತಾನ."

"ಸುಳ್ಳು ರೀ. ಅದು ನಮ್ಮನಿಯವ್ರ ಕೈ. ಈ ಬಂಡಿಗಲ್ಲು ನೋಡ್ರಿ. ಪೆಟಗಿ ಮ್ಯಾಲಿನ ಚಿತ್ರದಾಗ ಕಲ್ಲು ಬೂದಿ ಬಣ್ಣದ್ದು. ಅವ್ರು ಎಂದೂ ಹಂಗ ಬಳಿಯಂಗಿಲ್ಲ. ನಮ್ಮ ಮಸ್ಕಿ ಗುಡ್ಡದಂಗ ಬಳೀತಾರ. ಮಳಿ ನೀರು ಇಳದು ಕರ್ರಗ ಆಗಿರ್ತದಲ್ರಿ, ಹಂಗ."

ಮಾತು ಸರಿಯೇ. ಆದರೆ ಹೆಂಡತಿಯ ಕಣ್ಣು ಯಾವ ಕೋರ್ಟಿನಲ್ಲೂ ಸಾಕ್ಷಿಯಾಗದು. ಪಂಪಾಪತಿಯೇ ಹನುಮಂತರಾಯನಿಗೆ ಕೆಲಸ ಕಲಿಸಿದವನು. ಗುರುವಿನ ಕೈ ಶಿಷ್ಯನಂತೆ ಓಡಿದರೆ ಅದರಲ್ಲಿ ಅಚ್ಚರಿಯೇನಿದೆ? ಒಟ್ಟಿನಲ್ಲಿ ಲೆಕ್ಕ ಸರಳವಾಗಿತ್ತು. ಶುಕ್ರವಾರದ ನಂತರ ಈ ಬುರುಜಿಗೆ ಬಣ್ಣ ಬಳಿದವನು ಪಂಪಾಪತಿಯಾದರೆ ಜ್ಯೋತಿಯ ಗಂಡ ಮಣ್ಣಿನಲ್ಲಿದ್ದಾನೆ. ಹನುಮಂತರಾಯನಾದರೆ ಮಣ್ಣಿನಲ್ಲಿರುವುದು ಬೇರೆ ಯಾರೋ.

ಶಿವಗಂಗಾ ಈಗ ಮಲೀಕಸಾಬನ ಮಾತು ಕೇಳಲಿಲ್ಲ. ಒಂದೊಂದೇ ಬುರುಜನ್ನು ಎತ್ತಿ ಹೆಬ್ಬೆರಳಿನಿಂದ ಸವರಿದಳು. ಚಿಕ್ಕಂದಿನಿಂದ ಅವಳದು ಇದೇ ಚಾಳಿ. ಅಂಗಡಿಗೆ ಹೋದರೂ ಸೀರೆಯನ್ನು ಕಣ್ಣಿಗಿಂತ ಮೊದಲು ಕೈಯಿಂದ ನೋಡುವವಳು.

ಮೊದಲನೆಯದು ನುಣುಪು. ಎರಡನೆಯದೂ ನುಣುಪು. ಕಡೆಯದರ ಮೇಲೆ ಬೆರಳು ತಡೆಯಿತು.

ಮತ್ತೆ ಸವರಿದಳು. ಒರಟು. ಕಲ್ಲಿನ ಕೆತ್ತನೆಯ ಒರಟಲ್ಲ. ಆ ಕೆತ್ತನೆ ಎಲ್ಲ ಬುರುಜುಗಳಲ್ಲೂ ಒಂದೇ. ಇದು ಬಣ್ಣದ್ದೇ ಒರಟು, ಸಣ್ಣ ರವೆ ಉದುರಿಸಿದ ಹಾಗೆ. ತಳ ತಿರುಗಿಸಿದಳು. ಅಲ್ಲಿ ಮೇಲಿನ ಬಣ್ಣವಿರಲಿಲ್ಲ, ಮೊದಲು ಹೊಡೆಯುವ ಕಪ್ಪು ಪ್ರೈಮರ್ ಮಾತ್ರ. ಅಲ್ಲೂ ಅದೇ ರವೆ. ಭೂತಗನ್ನಡಿ ಹಿಡಿದಾಗ ಕಪ್ಪಿನೊಳಗೆ ಅಲ್ಲಲ್ಲಿ ಕೆಂಪು ಧೂಳಿನ ಕಣಗಳು ಕೂತದ್ದೂ ಕಂಡಿತು.

"ಮಲೀಕಸಾಬ್, ಇದ್ಯಾಕ ಹಿಂಗಾಗೇತಿ?"

"ಡಬ್ಬಿ ಹಳೇದಿರ್ಬೇಕ್ರಿ. ಇಲ್ಲ ಬಣ್ಣ ಹೊಡದಾಂವ ಹಳಬ ಇರ್ಬೇಕು."

ಶಿವಗಂಗಾಗೆ ನಗು ಬಂತು, ಆದರೆ ಪ್ರಶ್ನೆ ಹೋಗಲಿಲ್ಲ. ಅವಳಿಗೆ ಒಂದು ಪ್ರಶ್ನೆ ಹತ್ತಿಕೊಂಡರೆ ಹಲ್ಲಿಗೆ ಸಿಕ್ಕ ಅಡಿಕೆ ಚೂರು. ತೆಗೆಯುವ ತನಕ ನಾಲಿಗೆ ಸುಮ್ಮನಿರದು.

ಅಂದು ಮಧ್ಯಾಹ್ನ ಲಿಂಗಸುಗೂರಿನಲ್ಲಿ ಮೇಲಧಿಕಾರಿಗಳ ಮೀಟಿಂಗಿತ್ತು. ಹೊರಡುವಾಗ ಪೆಟ್ಟಿಗೆಯ ತಳದಲ್ಲಿ ಬಣ್ಣ ಕಾಣದೆ ಹೆಚ್ಚಾಗಿ ಉಳಿದಿದ್ದ ಗೋಡೆಯ ತುಂಡುಗಳಲ್ಲಿ ಎರಡನ್ನು ಚೀಲಕ್ಕೆ ಹಾಕಿಕೊಂಡಳು. ಲಿಂಗಸುಗೂರಿನ ಬಜಾರದಲ್ಲಿ ಜೀಪು ನಿಲ್ಲಿಸಿ, ಪಂಪಾಪತಿ ಬಳಸುವುದಾಗಿ ಹೇಳಿದ್ದ ಕಂಪನಿಯದೇ ಒಂದು ಪ್ರೈಮರ್ ಸ್ಪ್ರೇ ಡಬ್ಬಿ ಕೊಂಡಳು. ಮೀಟಿಂಗು ಮುಗಿದು ಉಳಿದವರೆಲ್ಲ ಊಟಕ್ಕೆ ಹೋದರೆ ಇವಳು ಕಚೇರಿಯ ಮಾಳಿಗೆ ಹತ್ತಿದಳು.

ಮಾರ್ಚಿನ ಬಿಸಿಲು. ಬೋಳು ಬಯಲಿನ ಮೇಲಿಂದ ಬರುವ ಗಾಳಿ ತುಟಿಯ ಪಸೆಯನ್ನೂ ಬಿಡುತ್ತಿರಲಿಲ್ಲ. ತುಂಡನ್ನು ಇಟ್ಟಂಗಿಯ ಮೇಲಿಟ್ಟು, ಸಮವಸ್ತ್ರಕ್ಕೆ ಸಿಡಿಯದಿರಲೆಂದು ತೋಳು ಚಾಚಿ ದೂರದಿಂದ ಗುಂಡಿ ಒತ್ತಿದಳು. ಬಣ್ಣ ಹೊಗೆಯಂತೆ ಹೋಗಿ ಕೂತಿತು. ಡಬ್ಬಿಯ ಮುಚ್ಚಳ ಹಾಕುವುದರೊಳಗೆ ಒಣಗಿಯೂ ಬಿಟ್ಟಿತು.

ಸವರಿ ನೋಡಿದಳು. ರವೆ!

ಮಾಳಿಗೆಯ ಮೇಲೆ ಒಬ್ಬಳೇ ನಿಂತು ಆ ಪಿಎಸ್‌ಐ ಚಪ್ಪಾಳೆ ಹೊಡೆದಳೆಂದರೆ ನಂಬಬೇಕು. ಡಬ್ಬಿ ಹೊಚ್ಚ ಹೊಸದು, ಆದರೂ ರವೆ. ಅಂದರೆ ತಪ್ಪು ಡಬ್ಬಿಯದಲ್ಲ, ಗಾಳಿಯದು. ಈ ಒಣ ಬಿಸಿಲಿನಲ್ಲಿ ದೂರದಿಂದ ಹೊಡೆದ ಬಣ್ಣ ಹಾದಿಯಲ್ಲೇ ಒಣಗಿ, ಪುಡಿಯಾಗಿ ಬಂದು ಕೂರುತ್ತದೆ.

ಮರುಕ್ಷಣ ಅವಳ ಉತ್ಸಾಹ ಇಳಿಯಿತು. ಇದು ಅರ್ಧ ಮಾತು ಮಾತ್ರ. ಸಿಂಧನೂರಿನಲ್ಲಿ ಹೊಡೆದರೂ ರವೆಯೇ ಬಂದರೆ? ಆಗ ಪಂಪಾಪತಿಯ ಮಾತು ನಿಜವಾಗುತ್ತದೆ, ಜ್ಯೋತಿಯ ಕೊನೆಯ ಎಳೆಯನ್ನು ತಾನೇ ಕೈಯಾರೆ ಹರಿದಂತಾಗುತ್ತದೆ.

ಆದರೂ ನೋಡಲೇಬೇಕಿತ್ತು. ತಿರುಗಿ ಬರುವಾಗ ಮಸ್ಕಿಯಲ್ಲಿ ಕಡೆಯ ಬುರುಜನ್ನು ಚೀಲಕ್ಕೆ ಹಾಕಿ, ಜ್ಯೋತಿಯನ್ನೂ ಮಲೀಕಸಾಬನನ್ನೂ ಹತ್ತಿಸಿಕೊಂಡು ಜೀಪು ಸಿಂಧನೂರಿನ ಹಾದಿ ಹಿಡಿಯಿತು. ಕಾಲುವೆಯ ಸೀಮೆ ಬರುತ್ತಿದ್ದಂತೆ ಎರಡೂ ಕಡೆ ಎರಡನೇ ಬೆಳೆಯ ಭತ್ತ. ಗದ್ದೆಯಲ್ಲಿ ನೀರು ನಿಂತು, ಕಿಟಕಿಯಿಂದ ಬರುವ ಗಾಳಿಯೇ ತಣ್ಣಗಾಯಿತು. ಶಿವಗಂಗಾ ಕೈ ಹೊರಗೆ ಚಾಚಿ ಆ ಗಾಳಿಯನ್ನು ಹಿಡಿದು ನೋಡಿದಳು.

ಪಂಪಾಪತಿಯ ಕಾರ್ಖಾನೆ ಹಳೆಯ ಅಕ್ಕಿ ಗಿರಣಿಯ ಗೋದಾಮು. ಹಿಂದಿನ ಕಿಟಕಿ ತೆರೆದರೆ ನೇರವಾಗಿ ಉಪಕಾಲುವೆ. ಗೋಡೆಗೆ ಬೇಸಿಗೆಯಲ್ಲೂ ಪಸೆ. ಒಳಗೆ ಉದ್ದ ಮೇಜಿನ ಮೇಲೆ ಅರ್ಧ ಅಂಟಿಸಿದ ಸೇತುವೆ, ಛಾವಣಿಯಿಲ್ಲದ ಚರ್ಚು, ಕಾಂಡ ಮಾತ್ರವಿದ್ದ ಕಾಡು. ನೆಲಕ್ಕೆ ಉದುರಿದೆಲೆ ಕಾಣಿಸಲು ಭತ್ತದ ಹೊಟ್ಟಿಗೆ ಬಣ್ಣ ಹಾಕಿ ಮೊರದಲ್ಲಿ ಹರವಿದ್ದರು. ಪುಣೆಯವರು ಅದನ್ನು ಯಾವ ದೇಶದ ಎಲೆಯೆಂದು ತಿಳಿದಿದ್ದರೋ ಏನೋ.

ಪಂಪಾಪತಿ ಐವತ್ತು ದಾಟಿದವನು, ಹಣೆಯ ಮೇಲೆ ವಿಭೂತಿ, ಕಣ್ಣಿಗೆ ದಪ್ಪ ಕನ್ನಡಕ. ಜ್ಯೋತಿಯನ್ನು ಕಂಡು ಅವನ ಮುಖ ಸ್ವಲ್ಪ ಬಾಡಿತು.

"ಬಾ ತಂಗಿ. ಕೂಡು. ಮೇಡಮ್ಮೋರ, ನಮ್ಮ ಪೆಟಗಿ ಯಾವಾಗ ಬಿಡ್ತೀರಿ? ಗಿರಾಕಿ ಫೋನ್ ಮ್ಯಾಲ ಫೋನ್ ಮಾಡಾಕತ್ಯಾರ."

"ಬಿಡೂಣಂತ. ಕಡೀ ಬುರುಜಿಗೆ ಬಣ್ಣ ಬಳದವ್ರು ಯಾರು?"

"ನಾನರೀ. ಎಷ್ಟ ಸಲ ಹೇಳ್ಬೇಕ್ರಿ? ಶನಿವಾರ ಕೂತು ಮುಗಿಸೀನಿ. ಹುಡುಗ ಹೋಗ್ಬಿಟ್ಟ, ಕೆಲಸ ನಿಂದ್ರಾಕ ಆಗ್ತದೇನ್ರಿ? ಅಂವಗ ಕುಂಚ ಹಿಡ್ಯಾಕ ಕಲಿಸಿದಾಂವ ನಾನ."

"ಪ್ರೈಮರ್ ಎಲ್ಲಿ ಹೊಡದ್ರಿ?"

"ಇಲ್ಲೆ. ಆ ಮೂಲ್ಯಾಗ."

"ಅಂಗಳದಾಗ ಹೊಡಿಲಿಲ್ಲೇನು? ಮಾಳಿಗಿ ಮ್ಯಾಲ?"

"ಹೊರಗ ಹೊಡದ್ರ ಗದ್ದಿ ಹುಳ ಬಂದು ಹಸೀ ಬಣ್ಣದಾಗ ಕೂಡ್ತಾವ್ರಿ. ನಾವು ಎಂದೂ ಹೊರಗ ಹೊಡಿಯಂಗಿಲ್ಲ."

"ಯಾವ ಡಬ್ಬಿ?"

ಅವನು ಮೂಲೆಯ ಹಲಗೆಯ ಮೇಲಿನ ಡಬ್ಬಿ ತೋರಿಸಿದ. ಶಿವಗಂಗಾ ಚೀಲದಿಂದ ಉಳಿದಿದ್ದ ಗೋಡೆಯ ತುಂಡು ತೆಗೆದು ಅವನ ಮುಂದಿಟ್ಟಳು.

"ಹಂಗಾರ ಅದ ಡಬ್ಬಿಲೆ, ಅದ ಮೂಲ್ಯಾಗ, ಇದಕ್ಕೊಂದೀಟು ಹೊಡದು ತೋರಸ್ರಿ. ನಿಮ್ಮ ಕೆಲಸ ನೋಡೂ ಆಸೆ ನನಗ."

ಪಂಪಾಪತಿ ನಕ್ಕ. ಇಷ್ಟೇನಾ ಎಂಬಂಥ ನಗು. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿದ. ಒಳಗಿನ ಗುಂಡು ಕಟಕಟ ಎಂದಿತು. ತೋಳು ಪೂರ್ತಿ ಚಾಚಿ, ಎಡದಿಂದ ಬಲಕ್ಕೆ ಬೀಸಿಕೊಂಡು ಹೊಡೆದ. ಬಲದಿಂದ ಎಡಕ್ಕೆ ಇನ್ನೊಮ್ಮೆ. ವರ್ಷಗಟ್ಟಲೆ ಮಾಡಿದ ಕೆಲಸ, ತುಂಡಿನ ಕಡೆ ನೋಡುವ ಅಗತ್ಯವೂ ಅವನಿಗಿರಲಿಲ್ಲ.

"ಒಣಗಾಕ ಬಿಡ್ರಿ," ಎಂದ. "ಅಷ್ಟೊತ್ತಿಗೆ ಚಾ ತರಿಸ್ತೀನಿ."

ಚಹಾ ಬಂತು. ಶಿವಗಂಗಾ ಕುಡಿದಳಾದರೂ ರುಚಿ ತಿಳಿಯಲಿಲ್ಲ. ಆ ಕಪ್ಪು ತುಂಡು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಜ್ಯೋತಿಗೆ ಏನು ನಡೆಯುತ್ತಿದೆಯೆಂದು ಗೊತ್ತಿರಲಿಲ್ಲ. ಗಂಡ ಕೂರುತ್ತಿದ್ದ ಮಣೆಯನ್ನು ಅವಳು ಸೆರಗಿನಿಂದ ಒರೆಸುತ್ತಿದ್ದಳು.

ಕಡೆಗೆ ಹೊಳಪು ಆರಿತು. ಶಿವಗಂಗಾ ತಾನು ಮುಟ್ಟಲಿಲ್ಲ.

"ಜ್ಯೋತಿ, ಇಲ್ಲಿ ಬಾರವಾ. ಕಣ್ಣು ಮುಚ್ಚು. ಕೈ ಕೊಡು."

ಅವಳ ಹೆಬ್ಬೆರಳನ್ನು ಮೊದಲು ಕಡೆಯ ಬುರುಜಿನ ತಳಕ್ಕೆ ಒತ್ತಿದಳು. ಆಮೇಲೆ ಲಿಂಗಸುಗೂರಿನಲ್ಲಿ ತಾನು ಹೊಡೆದ ತುಂಡಿಗೆ. ಆಮೇಲೆ ಈಗ ಒಣಗಿದ ತುಂಡಿಗೆ.

"ಯಾವೆರಡು ಒಂದ ಅದಾವ?"

"ಮೊದಲಿನವೆರಡು ರೀ. ಉಸುಕು ಉಸುಕು ಅದಾವ. ಇದು ಹಾಲಿನ ಕೆನಿ ಆಗೇತಿ."

ಶಿವಗಂಗಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಪಂಪಾಪತಿ ಚಹಾದ ಲೋಟವನ್ನು ಕೆಳಗಿಟ್ಟ.

"ಪಂಪಾಪತಿಯವ್ರ, ಒಂದ ಕಂಪನಿ ಬಣ್ಣ, ಒಂದ ಅಳತಿ ದೂರ. ಇಲ್ಲಿ ಹೊಡದ್ರ ಕೆನಿ. ಲಿಂಗಸುಗೂರಾಗ ನಾ ಹೊಡದ್ರ ಉಸುಕು. ಈ ಬುರುಜು ನಿಮ್ಮ ಗೋದಾಮಿನಾಗ ಬಣ್ಣ ಕಂಡಿಲ್ಲ."

"ಹವಾ ಹೆಚ್ಚುಕಮ್ಮಿ ಇರ್ತದ್ರಿ. ಆವತ್ತ ಬಿಸಿಲಿತ್ತು."

"ಇವತ್ತೇನು ಮಳಿ ಬಂದೈತೇನು?" ಎಂದ ಮಲೀಕಸಾಬ.

"ನೀವು ಒಳಗ ಹೊಡದೀನಿ ಅಂದ್ರಿ. ಕಾಲುವಿ ಮಗ್ಗಲಾಗ, ಪಸಿ ಗ್ವಾಡಿ ನಡುವ," ಎಂದಳು ಶಿವಗಂಗಾ. "ಇದನ್ನ ಹೊಡದಾಂವ ಇದ ಗೋದಾಮಿನಾಗ ಕೆಲಸ ಕಲ್ತಾಂವ. ಅದಕ್ಕ ಬಿರುಬಿಸಲಾಗ ನಿಂತ್ರೂ ತೋಳು ಚಾಚೇ ಹೊಡದಾನ. ಒಣ ಸೀಮ್ಯಾಗ ಬಣ್ಣ ಹೊಡಿಯೋರು ಡಬ್ಬಿ ಸಮೀಪ ಒಯ್ತಾರ. ಇಂವಗ ಅದು ತಿಳಿದಿಲ್ಲ, ಯಾಕಂದ್ರ ಇಂವ ಎಂದೂ ಕಾಲುವಿ ಬಿಟ್ಟು ಕೆಲಸ ಮಾಡಿಲ್ಲ. ಮತ್ತ ಬಣ್ಣದಾಗ ಕೆಂಪು ಧೂಳು ಕೂತೈತಿ. ಸಿಂಧನೂರಾಗ ಕರೀ ಎರಿ ಮಣ್ಣು ಬಿಟ್ರ ನನಗ ಒಂದು ಹಿಡಿ ಕೆಂಪು ಮಣ್ಣು ತೋರಸ್ರಿ, ನಾ ಈಗಿಂದೀಗ ನಿಮ್ಮ ಪೆಟಗಿ ಬಿಡ್ತೀನಿ."

ಪಂಪಾಪತಿ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ.

ಜ್ಯೋತಿಗೆ ಈಗ ಅರ್ಥವಾಗಿತ್ತು. ಅವಳು ಬಂದು ಅವನ ಮುಂದೆ ನೆಲದ ಮೇಲೆ ಕೂತಳು.

"ಅಣ್ಣಾರ, ನನಗ ಬುರುಜು ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ನಾಳಿ ಮುಂಜಾನಿ ನನ್ನ ಕೂಡಿಸಿ ಬಳಿ ಒಡೀತಾರ. ಅವ್ರು ಅದಾರೋ ಇಲ್ಲೋ? ಅಷ್ಟ ಹೇಳ್ರಿ."

ಪಂಪಾಪತಿ ಕನ್ನಡಕವನ್ನು ಮಡಿಚಿ ಮೇಜಿನ ಮೇಲಿಟ್ಟ.

"ಅದಾನವಾ," ಎಂದ ಪಂಪಾಪತಿ. "ಗಟ್ಟಿಯಾಗಿ ಅದಾನ."

ಜ್ಯೋತಿ ಅಳಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಇಷ್ಟು ದಿನ ಊರೆಲ್ಲ ಹುಚ್ಚಿ ಎಂದಿದ್ದನ್ನು ನುಂಗಿಕೊಂಡವಳಿಗೆ ಆ ನಗುವನ್ನು ಹಿಡಿಯಲು ಆಗಲಿಲ್ಲ. ಮಲೀಕಸಾಬ ಮುಖ ತಿರುಗಿಸಿ ಕರವಸ್ತ್ರ ಹುಡುಕಿದ. ಶಿವಗಂಗಾಗೂ ಕಣ್ಣು ತುಂಬಿತು, ನಾಚಿಕೆಯೇನೂ ಆಗಲಿಲ್ಲ.

"ಎಲ್ಲಿ?" ಎಂದಳು.

"ಲಿಂಗಸುಗೂರು ಕಡೆ, ಗುರುಗುಂಟಾದಾಗ್ರಿ. ಊರ ಹೊರಗ ನಮ್ಮ ಮಾವನ ಕುರಿ ಹಟ್ಟಿ ಐತಿ. ತಾನ ಬಂದು ಕೈ ಮುಗದ, ಸ್ವಲ್ಪ ದಿನ ಎಲ್ಲಿಯಾರ ಇಡು ಅಂದ. ನನ್ನ ಕಣ್ಣು ಈಗ ಸಣ್ಣ ಕೆಲಸಕ್ಕ ಬರಂಗಿಲ್ರಿ. ಗಿರಾಕಿ ಕಾಟ ತಾಳಲಾರ್ದ ಶನಿವಾರ ಬುರುಜು, ಡಬ್ಬಿ ಅಲ್ಲಿಗೇ ಒಯ್ದು ಕೊಟ್ಟೆ. ಅಂಗಳದಾಗ ನಿಂತು ಹೊಡದ."

"ಹೆಣದ ಸುದ್ದಿ ಅಂವಗ ಗೊತ್ತೈತಿ?"

"ಗೊತ್ತೈತ್ರಿ."

"ಗೊತ್ತಿದ್ದೂ ಸುಮ್ಮ ಕೂತಾನೇನು? ಹೆಂಡ್ತಿ ಇಲ್ಲಿ ಠಾಣೆ ಠಾಣೆ ತಿರಗಾಕತ್ಯಾಳ!"

"ನಾನೂ ಬೈದೀನ್ರಿ. ಯಾಕ ಅಂತ ಕೇಳಿದ್ರ ಹೇಳಂಗಿಲ್ಲ. ಯಾರಿಗಿ ಹೇಳಿದ್ರೂ ಈಕಿಗಿ ಮಾತ್ರ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾನ."

ಜ್ಯೋತಿಯ ನಗು ನಿಂತಿತು.

"ನನಗ ಮಾತ್ರ?" ಎಂದಳು.

ಶಿವಗಂಗಾಗೆ ಈ ಮಾತು ಸೇರಲಿಲ್ಲ. ಸಾಲಗಾರರಿಗೆ ಹೆದರಿ ಅಡಗುವವರನ್ನು ಕಂಡಿದ್ದಳು, ಪೊಲೀಸರಿಗೆ ಹೆದರಿ ಅಡಗುವವರನ್ನು ಕಂಡಿದ್ದಳು. ಊರಿಗೆಲ್ಲ ಹೇಳಿದರೂ ಹೆಂಡತಿಗೆ ಹೇಳಬೇಡ ಎನ್ನುವವನನ್ನು ಕಂಡಿರಲಿಲ್ಲ.

"ಫೋನ್ ಐತೇನು ಅಂವನ ಹತ್ರ?"

"ನಂದ ಹಳೇದೊಂದು ಕೊಟ್ಟೀನ್ರಿ."

"ಹಚ್ರಿ. ಸ್ಪೀಕರ್ ಮ್ಯಾಲ ಇಡ್ರಿ. ನಾವು ಇಲ್ಲಿ ಅದೀವಿ ಅಂತ ಉಸಿರು ಬಿಡಬ್ಯಾಡ್ರಿ."

ಪಂಪಾಪತಿ ನಂಬರು ಒತ್ತಿ, ಫೋನನ್ನು ಮೇಜಿನ ಮೇಲಿಟ್ಟ. ರಿಂಗು ಬಹಳ ಹೊತ್ತು ಹೋಯಿತು. ಜ್ಯೋತಿ ಎದ್ದು ಬಂದು ಮೇಜಿಗೆ ಆತು ನಿಂತಳು. ಅವಳ ಕೈ ತಾನಾಗಿಯೇ ಕೊರಳಿಗೆ ಹೋಗಿತ್ತು.

ಅತ್ತ ಫೋನು ಎತ್ತಿದರು. ಕುರಿಗಳ ಸದ್ದು, ಗಾಳಿಯ ಸದ್ದು. ಆಮೇಲೆ ಹನುಮಂತರಾಯನ ದನಿ. ಜ್ಯೋತಿಯ ಮುಖ ನೋಡಿದರೆ ಸಾಕಿತ್ತು, ದನಿ ಅವನದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಪಂಪಣ್ಣಾ, ಮುಗೀತೇನು? ಆಕಿ ತಾಳಿ ತೆಗದ್ರೇನು?"

ಪಂಪಾಪತಿ ಶಿವಗಂಗಾಳ ಕಡೆ ನೋಡಿದ. ಮಾತಾಡು ಎಂದು ಅವಳು ಸನ್ನೆ ಮಾಡಿದಳು.

"ಇನ್ನೂ ಇಲ್ಲೋ. ನಾಳಿ ಐತಂತ."

"ನಾಳಿ ಖರೇನ ತೆಗಿಸ್ತಾರಲ್ಲ? ಆಕಿ ಹಟಮಾರಿ. ತಾಳಿ ಇರೂ ತನಕ ನನಗ ಆಕಿಯಿಂದ ಬಿಡುಗಡಿ ಇಲ್ಲ. ನೀ ಒಂದು ಕೆಲಸ ಮಾಡಣ್ಣ, ರಾತ್ರಿ ನಮ್ಮವ್ವಗ ಫೋನ್ ಹಚ್ಚು. ಹೆಣ ನನ್ನ ಮಗನ ಅಂತ ನೀ ಅಂದದ್ದು ಅರ್ಧಾ ಕೆಲಸ ಆತು, ನಾಳಿ ಆಕಿ ಎಷ್ಟ ಅತ್ರೂ ಬಿಡಬ್ಯಾಡ, ತಾಳಿ ತೆಗಿಸೇ ಬಿಡು ಅಂತ ನಿನ್ನ ಮಗ ಹೇಳ್ಯಾನಂತ ಹೇಳು."

ಮಲೀಕಸಾಬನ ಬಾಯಿಂದ "ಯಾ ಅಲ್ಲಾ" ಎಂಬ ಮಾತು ಜಾರಿತು. ಶಿವಗಂಗಾ ಫೋನಿನ ಕಡೆ ಕೈ ಚಾಚಿದಳು, ಅಷ್ಟರಲ್ಲಿ ಜ್ಯೋತಿ ಅದನ್ನು ಎತ್ತಿಕೊಂಡಿದ್ದಳು. ಬಾಯಿಯ ಹತ್ತಿರ ಹಿಡಿದು, ಮನೆಗೆ ಸಂತೆ ಸಾಮಾನು ಹೇಳುವಷ್ಟೇ ಸಾವಧಾನವಾಗಿ ಮಾತಾಡಿದಳು.

"ಅತ್ತಿಗ್ಯಾಕ ಹೇಳ್ತೀರಿ? ಕಟ್ಟಿದವ್ರು ನೀವು. ನೀವ ಬಂದು ತೆಗೀರಿ."